ಹೊಟ್ಟೆ ತಪ್ಪಲ್ಲ ಸ್ವಾಮಿ, ಅಳತೆ ತಪ್ಪು

ಲೆದರ್ ಜಾಕೆಟ್ಟಿನ ಜಿಪ್ಪು ಹೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟರೆ ನಮ್ಮ ಜನ ಮೊದಲು ಬೈಯೋದು ಯಾರನ್ನ? ತಮ್ಮನ್ನೇ! "ಹೊಟ್ಟೆ ಇಳಿಸ್ಬೇಕು ಗುರೂ..." ಅಂತ. ಅಂಗಡಿಯವನು ಹೂಂಗುಟ್ಟುತ್ತಾನೆ, ಜೊತೆಗೆ ಬಂದ ಗೆಳೆಯ ನಗುತ್ತಾನೆ, ಮನೆಯವರಿಗೆ ಆರು ತಿಂಗಳಿಗೆ ಸಾಕಾಗುವಷ್ಟು ಮಾತು ಸಿಗುತ್ತೆ. ಜಾಕೆಟ್ಟನ್ನು ಮಾತ್ರ ಯಾರೂ ಏನೂ ಅನ್ನಲ್ಲ. ಅದರಲ್ಲೂ ಅದು ಜಪಾನಿನದಾಗಿದ್ದರೆ ಮುಗಿದೇ ಹೋಯಿತು. ಜಪಾನಿನವರು ಎಲ್ಲಾದರೂ ತಪ್ಪು ಮಾಡ್ತಾರಾ? ತಪ್ಪೆಲ್ಲ ಚಿಕ್ಕಬಾಣಾವರದ ಹೊಟ್ಟೆಯದೇ!

ಇದು ಶುದ್ಧ ಸುಳ್ಳು. ಅದನ್ನು ಲೆಕ್ಕ ಸಮೇತ ಹೇಳೋಣ ಅಂತ ಕೂತಿದ್ದೀನಿ.

ನಮ್ಮ ಕಡೆಯ ಹುಡುಗರಿಗೆ ಜಪಾನಿನ ನಂಟು ಇವತ್ತಿನದಲ್ಲ. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು, 1996ಕ್ಕೆ ಅದರ ತಯಾರಿಕೆ ನಿಂತಿತು. ಆದರೆ ಹೆಸರಘಟ್ಟ ರಸ್ತೆಯಲ್ಲಿ ಇವತ್ತಿಗೂ ಅದರ ಸದ್ದು ಕೇಳಿದರೆ ತಿರುಗಿ ನೋಡದವರು ಕಡಿಮೆ. ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ದೇವರಾಯನದುರ್ಗದ ಕಡೆಗೋ ನಂದಿ ಬೆಟ್ಟದ ಕಡೆಗೋ ಹೊರಡುವ ಈ ಹುಡುಗರ ಕನಸಿನಲ್ಲಿ ಬೈಕ್ ಆದಮೇಲೆ ಬರೋದು ಜಾಕೆಟ್ಟು. ಹಮಾಮತ್ಸು ಊರಿನ ಕುಶಿತಾನಿ, ಟೋಕಿಯೋದ ಕಾದೋಯಾ... ಹೆಸರುಗಳೆಲ್ಲ ಬಾಯಿಪಾಠ. ತರಿಸಿಕೊಂಡವರೂ ಇದ್ದಾರೆ. ತರಿಸಿಕೊಂಡು ಬೀರುವಿನಲ್ಲಿ ನೇತುಹಾಕಿರುವವರು ಇನ್ನೂ ಜಾಸ್ತಿ ಇದ್ದಾರೆ :-)

ಯಾಕೆ ಆಗಲ್ಲ? ಮೊದಲು ಜಾಕೆಟ್ಟಿನ ಜಾತಕ ನೋಡಿ. ಜಪಾನಿನ ಹೆಸರುವಾಸಿ ಲೆದರ್ ಜಾಕೆಟ್ಟುಗಳಲ್ಲಿ ಬಹಳಷ್ಟು ಅಮೆರಿಕದ ಹಳೇ ಜಾಕೆಟ್ಟುಗಳ ಪಡಿಯಚ್ಚು. ಅಡ್ಡ ಜಿಪ್ಪಿನ ಬೈಕ್ ಜಾಕೆಟ್ಟನ್ನು ನ್ಯೂಯಾರ್ಕಿನ ಇರ್ವಿಂಗ್ ಶಾಟ್ ಮಾಡಿದ್ದು 1928ರಲ್ಲಿ. ಅಮೆರಿಕದ ವಿಮಾನದಳ ಎ-2 ಜಾಕೆಟ್ಟನ್ನು ಒಪ್ಪಿಕೊಂಡಿದ್ದು 1931ರಲ್ಲಿ. ಆ ಕಾಲದ ಪೈಲಟ್ಟುಗಳು ಇಪ್ಪತ್ತರ ಆಸುಪಾಸಿನ ಸಪೂರ ಹುಡುಗರು. ಅವರು ಪ್ಯಾಂಟನ್ನು ಹೊಕ್ಕುಳಿನ ಮಟ್ಟಕ್ಕೆ ಎತ್ತಿ ಹಾಕುತ್ತಿದ್ದರು, ಹಾಗಾಗಿ ಜಾಕೆಟ್ ಗಿಡ್ಡವಾಗಿದ್ದರೂ ನಡೆಯುತ್ತಿತ್ತು. ನಾವು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವ ಜನ. ಅದೇ ಜಾಕೆಟ್ ಹಾಕಿಕೊಂಡರೆ ಕೆಳಗೆ ನಾಲ್ಕು ಬೆರಳು ಶರ್ಟು ಇಣುಕುತ್ತೆ. ಜಪಾನಿನವರು ಎಷ್ಟು ನಿಷ್ಠೆಯಿಂದ ಪಡಿಯಚ್ಚು ತೆಗೀತಾರೆ ಅಂದರೆ ಆ ಗಿಡ್ಡತನ, ಮೇಲೆ ಕತ್ತರಿಸಿದ ಕಂಕುಳು, ಬಿಗಿ ತೋಳು ಎಲ್ಲವನ್ನೂ ಹಾಗೇ ಉಳಿಸಿಕೊಂಡು ಹೊಲೀತಾರೆ. ನಿಮ್ಮ ಹೊಟ್ಟೆ ಅವರ ಲೆಕ್ಕದಲ್ಲಿ ಯಾವತ್ತೂ ಇರಲೇ ಇಲ್ಲ.

ಇನ್ನು ಸೈಜು. ಜಪಾನಿನಲ್ಲಿ ಜೆಐಎಸ್ ಅಂತ ಕೈಗಾರಿಕಾ ಮಾನದಂಡ ಇದೆ, ನಮ್ಮ ಐಎಸ್ಐ ಇದ್ದ ಹಾಗೆ. ಅದರ ಪ್ರಕಾರ ಗಂಡಸರ 'ಎಂ' ಅಂದರೆ ಎದೆ 88ರಿಂದ 96 ಸೆಂಟಿಮೀಟರ್, ಸೊಂಟ 76ರಿಂದ 84, ಎತ್ತರ 165ರಿಂದ 175. 'ಎಲ್' ಅಂದರೆ ಎದೆ 96ರಿಂದ 104, ಸೊಂಟ 84ರಿಂದ 94, ಎತ್ತರ 175ರಿಂದ 185. 'ಎಲ್ಎಲ್' ಅಂದರೆ ಎದೆ 104ರಿಂದ 112, ಸೊಂಟ 94ರಿಂದ 104, ಎತ್ತರ ಮತ್ತೆ 175ರಿಂದ 185. ಈಗ ನಮ್ಮ ಬೀದಿಯ ಒಬ್ಬ ಗಂಡಸನ್ನು ಊಹಿಸಿಕೊಳ್ಳಿ. ಎದೆ 100, ಹೊಟ್ಟೆಯ ಸುತ್ತಳತೆ 98, ಎತ್ತರ 167. ಎದೆ ನೋಡಿದರೆ ಅವನು 'ಎಲ್'. ಹೊಟ್ಟೆ ನೋಡಿದರೆ 'ಎಲ್ಎಲ್'. ಎತ್ತರ ನೋಡಿದರೆ 'ಎಂ'. ಒಬ್ಬನೇ ಮನುಷ್ಯ, ಮೂರು ಸೈಜು! 'ಎಲ್' ತಗೊಂಡರೆ ಜಿಪ್ಪು ಏರಲ್ಲ, ತೋಳು ಬೆರಳು ಮುಚ್ಚುತ್ತೆ. 'ಎಲ್ಎಲ್' ತಗೊಂಡರೆ ಜಿಪ್ಪು ಏರುತ್ತೆ, ಭುಜ ಜೋತುಬೀಳುತ್ತೆ, ಅಣ್ಣನ ಬಟ್ಟೆ ತಮ್ಮ ಹಾಕಿಕೊಂಡ ಹಾಗೆ ಕಾಣುತ್ತೆ. ಇದರಲ್ಲಿ ಅವನ ತಪ್ಪೇನು ಹೇಳಿ?

ಇಲ್ಲಿಯವರೆಗೆ ಓದಿ "ಹಾಗಾದರೆ ಜಪಾನಿನವರೇ ದಡ್ಡರು" ಅಂದುಕೊಂಡರೆ ಎಡವಟ್ಟು. ಅಸಲಿ ಮಾತು ಈಗ ಬರುತ್ತೆ. ಎಂ, ಎಲ್ ಅನ್ನೋದು ಒರಟು ಲೆಕ್ಕ ಅಂತ ಅವರಿಗೂ ಗೊತ್ತು. ಅದಕ್ಕೇ ಅದೇ ಮಾನದಂಡದಲ್ಲಿ ಮೈಕಟ್ಟಿಗೇ ಅಕ್ಷರ ಕೊಟ್ಟಿದ್ದಾರೆ. ಎದೆಯಿಂದ ಸೊಂಟವನ್ನು ಕಳೆದರೆ ಎಷ್ಟು ಉಳಿಯುತ್ತೆ ಅನ್ನೋದರ ಮೇಲೆ ಆ ಅಕ್ಷರ. 16 ಸೆಂಟಿಮೀಟರ್ ಉಳಿದರೆ 'ವೈ', 12 ಉಳಿದರೆ 'ಎ', 10ಕ್ಕೆ 'ಎಬಿ', 8ಕ್ಕೆ 'ಬಿ', 6ಕ್ಕೆ 'ಬಿಬಿ', 4ಕ್ಕೆ 'ಬಿಇ'. ಎದೆ ಸೊಂಟ ಎರಡೂ ಒಂದೇ ಆದರೆ 'ಇ'. ಕೋಟಿನ ಚೀಟಿಯಲ್ಲಿ '92ಎ5' ಅಂತಿದ್ದರೆ ಎದೆ 92, ಸೊಂಟ 80, ಎತ್ತರ 170. ಒಂದು ಪುಟ್ಟ ಚೀಟಿಯಲ್ಲಿ ಇಡೀ ಮನುಷ್ಯ ಬಂದುಬಿಟ್ಟ! ನಮ್ಮ ಬೀದಿಯ ಆ ಗಂಡಸು ಅವರ ಪಟ್ಟಿಯಲ್ಲಿ 'ಬಿಇ'ಗೂ 'ಇ'ಗೂ ನಡುವೆ ಎಲ್ಲೋ ಬರುತ್ತಾನೆ. ಅಲ್ಲಿ ಅವನಿಗೆ ಒಂದು ಅಕ್ಷರವಿದೆ, ಇಲ್ಲಿ ಅವನು ಒಂದು ಜೋಕು. ಎಷ್ಟು ವ್ಯತ್ಯಾಸ ನೋಡಿ.

ಹೆಂಗಸರಿಗೂ ಹಾಗೇ. '9ಎಆರ್' ಅಂದರೆ ಎದೆ 83, ಎತ್ತರ 158, ಸೊಂಟದ ಕೆಳಗಿನ ಅಗಲ ಸಾಮಾನ್ಯ. ಅದೇ ಎದೆಗೆ ಕೆಳಗೆ ನಾಲ್ಕು ಸೆಂಟಿಮೀಟರ್ ಜಾಸ್ತಿ ಬೇಕಾದವರಿಗೆ 'ಎಬಿ', ಎಂಟು ಬೇಕಾದವರಿಗೆ 'ಬಿ', ನಾಲ್ಕು ಕಡಿಮೆ ಇರುವವರಿಗೆ 'ವೈ'. ಬೆಂಗಳೂರಿನಲ್ಲಿ ಬೈಕ್ ಓಡಿಸೋ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಜಾಕೆಟ್ ಎಲ್ಲಿ ಹಿಡಿಯುತ್ತೆ ಅಂತ. ಎದೆಗೆ ಸರಿಹೋದದ್ದು ಕೆಳಗೆ ಹಿಡಿದು ಬೈಕ್ ಮೇಲೆ ಕೂತ ಕೂಡಲೇ ಬೆನ್ನಿನ ಮೇಲಕ್ಕೆ ಏರುತ್ತೆ. ಕೆಳಗೆ ಸರಿಹೋದದ್ದು ಭುಜದಲ್ಲಿ ಚೀಲ. ಕೊನೆಗೆ ತಮ್ಮನ ಜಾಕೆಟ್ ಹಾಕಿಕೊಂಡು ಹೋಗ್ತಾರೆ.

ಜಪಾನಿನ ಲೆದರ್ ಜಾಕೆಟ್ಟುಗಳಲ್ಲೇ ಈ ಅಕ್ಷರಗಳು ಸಾಮಾನ್ಯವಾಗಿ ಇರಲ್ಲ, ಅವು ಹೆಚ್ಚಾಗಿ ಕಾಣೋದು ಸೂಟುಗಳಲ್ಲಿ. ಅದು ನಿಜ. ಆದ್ದರಿಂದಲೇ ನಾನು ಹೇಳೋದು: ನಮಗೆ ಜಪಾನಿನ ಜಾಕೆಟ್ ಬೇಡ, ಜಪಾನಿನ ಟೇಪು ಬೇಕು.

ಆ ಟೇಪು ಅವರಿಗೆ ಆಕಾಶದಿಂದ ಬೀಳಲಿಲ್ಲ. 1992ರಿಂದ 94ರವರೆಗೆ ಅವರು ತಮ್ಮ ದೇಶದ ಸುಮಾರು 34,000 ಜನರನ್ನು ನಿಲ್ಲಿಸಿ ಅಳೆದರು. ಅದಕ್ಕೂ ಮುಂಚೆಯೂ ಅಳೆದಿದ್ದರು, ಆಮೇಲೂ ಅಳೆದರು. ನಾವು? ಬ್ರಿಟನ್ ಮತ್ತು ಅಮೆರಿಕದ ಸೈಜು ಪಟ್ಟಿಯನ್ನು ಇಟ್ಟುಕೊಂಡು ದಶಕಗಟ್ಟಲೆ ಕಾಲ ತಳ್ಳಿದೆವು. ಆಮೇಲೆ ಕೇಂದ್ರ ಜವಳಿ ಮಂತ್ರಾಲಯದ ನೆರವಿನಲ್ಲಿ ನಿಫ್ಟ್ ಸಂಸ್ಥೆ 'ಇಂಡಿಯಾ ಸೈಜ್' ಅನ್ನೋ ಯೋಜನೆ ಹಾಕಿಕೊಂಡಿತು. ಗುರಿ 15ರಿಂದ 65 ವಯಸ್ಸಿನ 25,000 ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯೋದು. ಒಳ್ಳೆಯ ಕೆಲಸ, ಇಲ್ಲ ಅನ್ನಲ್ಲ. ಆದರೆ ಆ ಅಳತೆ ನಮ್ಮೂರ ಬಟ್ಟೆ ಅಂಗಡಿಯ ಕಾಲರ್ ಚೀಟಿಗೆ ಇಳಿದಿದ್ದನ್ನು ನಾನು ಕಂಡಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್ ತನಕ 79 ಕಡೆ 1,01,880 ಜನರ ಪಾದ ಅಳೆದು, ಭಾರತದವರ ಪಾದಕ್ಕೇ ಹೊಂದುವ 'ಭ' ಅನ್ನೋ ಶೂ ಸೈಜು ಪದ್ಧತಿಯನ್ನು ಮುಂದಿಟ್ಟಿತು. ಲಕ್ಷ ಜನರ ಕಾಲು ಅಳೆಯೋಕೆ ನಾಲ್ಕು ತಿಂಗಳು ಸಾಕಾಯಿತು ಅಂದರೆ, ಮನಸ್ಸು ಮಾಡಿದರೆ ಆಗುತ್ತೆ ಅಂತ ತಾನೇ ಅರ್ಥ? ಪಾದಕ್ಕೆ ಸಿಕ್ಕ ಮರ್ಯಾದೆ ಭುಜಕ್ಕೂ ಹೊಟ್ಟೆಗೂ ಸಿಗಲಿ ಸ್ವಾಮಿ!

"ಜಿಮ್ಮಿಗೆ ಹೋಗಿ, ಎಲ್ಲಾ ಸರಿ ಆಗುತ್ತೆ" ಅನ್ನೋ ಬುದ್ಧಿವಂತರಿಗೆ ಒಂದು ಮಾತು. 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರುಗಳು ತಮ್ಮದೇ ಫೋಟೋ ಹಾಕಿದ್ದರು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ 21.2. ತೂಕ, ಎತ್ತರದ ಲೆಕ್ಕ ಒಂದೇ ಬಂದರೂ ಮೈ ಬೇರೆ ಬೇರೆ. ಸಣಕಲು ಕೈಕಾಲು, ಮುಂದೆ ಬಂದ ಹೊಟ್ಟೆ ಅನ್ನೋದು ನಮ್ಮಲ್ಲಿ ಬರೀ ಸೋಮಾರಿತನದ ಫಲ ಅಲ್ಲ. ಆರೋಗ್ಯಕ್ಕೆ ಹೊಟ್ಟೆ ಇಳಿಸಬೇಕು ಅಂದರೆ ಖಂಡಿತ ಇಳಿಸಿ, ಡಾಕ್ಟರ್ ಮಾತು ಕೇಳಿ. ಆದರೆ ಜಾಕೆಟ್ಟಿನ ಮಾತು ಕೇಳಿ ಊಟ ಬಿಡಬೇಡಿ.

"ಲೆದರ್ ಜಾಕೆಟ್ ನಾಲ್ಕು ಜನ ಶೋಕಿಲಾಲರ ಚಿಂತೆ, ಇದಕ್ಕೆ ಇಷ್ಟು ಉದ್ದ ಬರೀಬೇಕಾ?" ಅಂತಲೂ ಕೇಳಬಹುದು. ಬರೀಬೇಕು. ಶರ್ಟಾದರೆ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿರೋ ಬಟ್ಟೆ ಹಿಗ್ಗಿಸಿ, ಹೇಗೋ ಆಲ್ಟರ್ ಮಾಡಿಕೊಳ್ಳಬಹುದು. ಚರ್ಮಕ್ಕೆ ಒಮ್ಮೆ ಸೂಜಿ ಚುಚ್ಚಿದರೆ ಆ ತೂತು ಹಾಗೇ ಉಳಿಯುತ್ತೆ. ಚಿಕ್ಕದು ಮಾಡಬಹುದು, ದೊಡ್ಡದು ಮಾಡೋದು ಬಲು ಕಷ್ಟ. "ಹಾಕ್ತಾ ಹಾಕ್ತಾ ಬಿಡುತ್ತೆ" ಅನ್ನೋ ಅಂಗಡಿ ಮಾತು ಅರ್ಧ ಸತ್ಯ. ಮೊಣಕೈ, ಬೆನ್ನು ಪಳಗುತ್ತೆ. ಆದರೆ ಭುಜದ ಹೊಲಿಗೆ ಜರುಗಲ್ಲ, ಜಿಪ್ಪಿನ ಎರಡು ಅಂಚು ಹತ್ತಿರ ಬರಲ್ಲ. ಇನ್ನೂ ದೊಡ್ಡ ವಿಷಯ ಇದೆ. ಬೈಕ್ ಜಾಕೆಟ್ಟಿನ ಮೊಣಕೈಯಲ್ಲಿ, ಭುಜದಲ್ಲಿ ಪ್ಯಾಡು ಇಟ್ಟಿರ್ತಾರೆ. ಹೊಟ್ಟೆಗಾಗಿ ಎರಡು ಸೈಜು ದೊಡ್ಡದು ತಗೊಂಡರೆ ತೋಳು ಸಡಿಲವಾಗುತ್ತೆ, ಬಿದ್ದಾಗ ಪ್ಯಾಡು ಮೊಣಕೈ ಬಿಟ್ಟು ಪಕ್ಕಕ್ಕೆ ಸರಿಯುತ್ತೆ. ತುಮಕೂರು ರಸ್ತೆಯಲ್ಲಿ ಲಾರಿಗಳ ಮಧ್ಯೆ ಓಡಾಡೋರಿಗೆ ಇದು ಶೋಕಿಯ ಪ್ರಶ್ನೆ ಅಲ್ಲ.

ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಬೆಳಿಗ್ಗೆ ಚಿಕ್ಕಬಾಣಾವರ ಸ್ಟೇಷನ್ನಿನಲ್ಲೋ ಮೇನ್ ರೋಡಿನಲ್ಲೋ ನಿಂತು ನೋಡಿ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸರು ಊಟದ ಡಬ್ಬಿ ಹಿಡಿದು ಓಡ್ತಾ ಇರ್ತಾರೆ. ಅವರ ಕೈಯಲ್ಲಿ ದಿನವಿಡೀ ಟೇಪು. ಯುರೋಪಿನ ಯಾರದೋ ಭುಜ, ಅಮೆರಿಕದ ಯಾರದೋ ತೋಳು... ಆ ಅಳತೆ ಚೂರು ಆಚೀಚೆ ಆದರೂ ಚೆಕಿಂಗ್‌ನಲ್ಲಿ ಪೀಸು ವಾಪಸ್ಸು. ಅಷ್ಟು ಕಟ್ಟುನಿಟ್ಟಾಗಿ ಪರದೇಶದವರ ಮೈ ಅಳೆಯೋ ನಮ್ಮ ಅಕ್ಕಂದಿರು ಸಂಬಳದ ದಿನ ತಮಗೊಂದು ರೆಡಿಮೇಡ್ ಕುರ್ತಾ ಕೊಂಡರೆ ನೇರ ಹೋಗೋದು ಟೈಲರ್ ಹತ್ತಿರ, ತೋಳು ಬಿಡಿಸೋಕೆ, ಪಕ್ಕ ಹಿಡಿಸೋಕೆ. ಅಳತೆಯ ವಿದ್ಯೆ ನಮ್ಮೂರಿನಲ್ಲೇ ಇದೆ. ಅದನ್ನು ನಮ್ಮ ಮೈಗೆ ಬಳಸೋಕೆ ಯಾರೂ ಹೇಳಿಲ್ಲ, ಅಷ್ಟೇ.

ಹಾಗಾದರೆ ಏನು ಮಾಡಬೇಕು? ಮೊದಲನೇದು, ಇಲ್ಲಿ ಮಾರೋ ಪ್ರತಿ ಜಾಕೆಟ್ಟಿನ ಚೀಟಿಯಲ್ಲಿ ಎದೆ, ಹೊಟ್ಟೆ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಅಚ್ಚು ಹಾಕಲಿ. 'ಎಲ್' ಅನ್ನೋ ಒಂಟಿ ಅಕ್ಷರ ಸಾಲದು. ಎರಡನೇದು, ಒಂದೇ ಎದೆಗೆ ಕೊನೇಪಕ್ಷ ಎರಡು ಹೊಟ್ಟೆ ಅಳತೆ ಇರಲಿ. ಪಕ್ಕಕ್ಕೆ ಲಾಡಿಯೋ ಜಿಪ್ಪೋ ಕೊಟ್ಟರೂ ಅರ್ಧ ಕೆಲಸ ಆಯಿತು. ಮೂರನೇದು, ನಮ್ಮದೇ ಸರ್ಕಾರದ ಲಿಡ್ಕರ್ ಇದೆಯಲ್ಲ, 1976ರಲ್ಲಿ ಶುರುವಾದ ಚರ್ಮ ಕೈಗಾರಿಕಾ ನಿಗಮ. 2023ರಲ್ಲಿ ಡಾಲಿ ಧನಂಜಯ್ ಅದರ ರಾಯಭಾರಿಯಾದರು, ಒಳ್ಳೆಯದೇ. ಸ್ಟಾರ್ ಮೈಗೆ ಹೊಂದಿದ ಜಾಕೆಟ್ ಮಾತ್ರ ಅಲ್ಲ, ಬರೋ ಗಿರಾಕಿಯ ಮೈ ಅಳೆದು ಹೊಲಿದುಕೊಡೋ ವ್ಯವಸ್ಥೆಯೂ ಬೇಕು. ಟೋಕಿಯೋದ ಕಾದೋಯಾ 1935ರಿಂದ ಇರುವ ಮನೆತನ, ಅಳತೆ ಕೊಟ್ಟರೆ ಮೈಗೆ ಸರಿಯಾಗಿ ಹೊಲಿದುಕೊಡ್ತಾರೆ. ಚರ್ಮದ ಕಸುಬಿನ ಕೈಗಳು ಕರ್ನಾಟಕದಲ್ಲಿ ಅದಕ್ಕಿಂತ ಹಳೆಯವು. ಅವರಿಗೆ ಚಪ್ಪಲಿಯ ಆಚೆಗೂ ಕೆಲಸ ಸಿಗಲಿ.

ಅಲ್ಲಿಯವರೆಗೆ ನಿಮಗೊಂದು ಉಪಾಯ. ಜಾಕೆಟ್ ತರಿಸೋ ಮುಂಚೆ ಸೈಜು ಕೇಳಬೇಡಿ, ಅಳತೆ ಕೇಳಿ. ಕಂಕುಳಿಂದ ಕಂಕುಳಿಗೆ ಎಷ್ಟು, ಭುಜದ ಹೊಲಿಗೆಯಿಂದ ಹೊಲಿಗೆಗೆ ಎಷ್ಟು, ತೋಳೆಷ್ಟು, ಬೆನ್ನೆಷ್ಟು, ಕೆಳ ಅಂಚಿನ ಅಗಲ ಎಷ್ಟು ಅಂತ ಐದು ಅಂಕಿ ಬರೆಸಿಕೊಳ್ಳಿ. ನಿಮ್ಮ ಹೊಟ್ಟೆಯನ್ನು ಉಸಿರು ಬಿಗಿಹಿಡಿದು ಕನ್ನಡಿ ಮುಂದೆ ಅಳೆಯಬೇಡಿ, ಬೈಕಿನ ಮೇಲೆ ಆರಾಮಾಗಿ ಕೂತು ಅಳೆಸಿಕೊಳ್ಳಿ. ಲೆಕ್ಕ ಹೊಂದದಿದ್ದರೆ ಬಿಟ್ಟುಬಿಡಿ, ಎಷ್ಟೇ ಒಳ್ಳೆ ಚರ್ಮವಾದರೂ ಸರಿ.

ಅಂಗಡಿಯವನು "ಸಾರ್, ನಿಮಗೆ ಸ್ವಲ್ಪ ಹೊಟ್ಟೆ..." ಅಂತ ಶುರುಮಾಡಿದರೆ ನಾಚಿಕೊಳ್ಳಬೇಡಿ. "ಹೌದಪ್ಪಾ, 98 ಸೆಂಟಿಮೀಟರ್. ಇದಕ್ಕೆ ನಿಮ್ಮಲ್ಲಿ ಯಾವ ಅಕ್ಷರ ಇದೆ?" ಅಂತ ಕೇಳಿ. ಹತ್ತು ಜನ ಕೇಳಿದರೆ ನಗ್ತಾನೆ, ನೂರು ಜನ ಕೇಳಿದರೆ ಕಂಪನಿಗೆ ಫೋನ್ ಮಾಡ್ತಾನೆ.

ಏನಂತೀರಿ?