ಬೆಟ್ಟಕ್ಕೊಂದು ಲೆಕ್ಕ ಇರಲಿ

ಪಶ್ಚಿಮ ಘಟ್ಟದ ಚಾರಣ ಈಗ ವಾರಾಂತ್ಯದ ಉದ್ಯಮವಾಗಿದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಡುವ ಟೆಂಪೊ ಟ್ರಾವೆಲರ್‌ಗಳು ನಸುಕಿನಲ್ಲೇ ಕಳಸ, ಸಂಸೆ, ಮೂಡಿಗೆರೆ, ಕುಕ್ಕೆ ಸುಬ್ರಹ್ಮಣ್ಯ ಸೇರುತ್ತವೆ. ತಿಂಡಿ ಮುಗಿಸಿ ಬೆಟ್ಟ ಹತ್ತಿ, ಸಂಜೆಗೆ ಇಳಿದು, ಭಾನುವಾರ ರಾತ್ರಿ ಮತ್ತೆ ಬಸ್ಸು ಹಿಡಿದರೆ ಸೋಮವಾರ ಕಚೇರಿಗೆ ಹಾಜರಾಗಬಹುದು. ವಾರದ ಐದು ದಿನ ಹೆಚ್ಚುಕಡಿಮೆ ಖಾಲಿ ಇರುವ ಅದೇ ಕಾಲುದಾರಿ ಉಳಿದೆರಡು ದಿನ ಸಂತೆಬೀದಿಯಂತಾಗುತ್ತದೆ.

ಈ ದಟ್ಟಣೆ ಸಾರ್ವಜನಿಕ ವಿವಾದವಾದದ್ದು 2024ರ ಜನವರಿಯಲ್ಲಿ. ಗಣರಾಜ್ಯೋತ್ಸವ ಶುಕ್ರವಾರ ಬಂದು ಮೂರು ದಿನ ರಜೆ ಸಿಕ್ಕಾಗ, ಪುಷ್ಪಗಿರಿ ವನ್ಯಜೀವಿಧಾಮದ ಕುಮಾರಪರ್ವತದಲ್ಲಿ ಜನರು ಸಾಲುಗಟ್ಟಿ ನಿಂತ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಆನ್‌ಲೈನ್ ಬುಕ್ಕಿಂಗ್ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸುವಂತೆ ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಾರಣದ ಟಿಕೆಟ್ ಕಾಯ್ದಿರಿಸುವ ‘ಅರಣ್ಯ ವಿಹಾರ’ ಜಾಲತಾಣ ಆರಂಭವಾಯಿತು. ಒಂದು ಚಾರಣಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು.

ಅಲ್ಲಿಂದೀಚೆಗೆ ವಾದ ಮೂರು ಗುಂಪಾಗಿದೆ. ಬೆಟ್ಟಗಳನ್ನು ಪೂರ್ತಿ ಮುಚ್ಚಬೇಕೆನ್ನುವವರು ಒಂದು ಕಡೆ. ನಡೆದು ಹೋಗುವವನಿಗೆ ಟಿಕೆಟ್ಟೇಕೆ, ಮಿತಿಯೇಕೆ ಎನ್ನುವವರು ಇನ್ನೊಂದು ಕಡೆ. ಹೊಸ ಹೊಸ ಬೆಟ್ಟಗಳನ್ನು ತೆರೆದು ಜನರನ್ನು ಹಂಚಿಬಿಟ್ಟರೆ ಸಮಸ್ಯೆ ತೀರಿತೆಂಬುದು ಮೂರನೆಯ ಗುಂಪಿನ ಲೆಕ್ಕ. ಮೂರರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಬೆಟ್ಟದ ಮಣ್ಣು ಹೇಗೆ ಕೆಡುತ್ತದೆ ಎಂಬ ಪ್ರಶ್ನೆಯಿಂದ ವಾದ ಹೂಡಿದವರು ಯಾವ ಗುಂಪಿನಲ್ಲೂ ಕಡಿಮೆ.

ಚಾರಣಿಗರ ಮೆಚ್ಚಿನ ಕುದುರೆಮುಖ, ನೇತ್ರಾವತಿ ಶಿಖರ, ಕುರಿಂಜಾಲು, ಎತ್ತಿನಭುಜ, ಕುಮಾರಪರ್ವತಗಳ ನೆತ್ತಿಯೆಲ್ಲ ಹುಲ್ಲುಗಾವಲು. ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಇಳಿಜಾರಿನ ಮೇಲೆ ಹುಲ್ಲು. ಇದು ಮರ ಕಡಿದು ಉಂಟಾದ ಬೋಳು ಜಾಗವಲ್ಲ, ತನ್ನದೇ ಸಸ್ಯ, ಪ್ರಾಣಿ, ಹಕ್ಕಿಗಳಿರುವ ಸಹಜ ನೆಲೆ. ಹುಲ್ಲಿನ ಬೇರು ತೆಳುವಾದ ಮಣ್ಣನ್ನು ಬಂಡೆಯ ಮೇಲೆ ಹಿಡಿದಿಡುತ್ತದೆ. ಮಳೆನೀರು ನಿಧಾನವಾಗಿ ಇಂಗಿ ಶೋಲಾದ ತೊರೆಗಳಿಗೆ ಇಳಿಯುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಕುದುರೆಮುಖ ಶ್ರೇಣಿಯ ಗಂಗಾಮೂಲದ ಕಡೆಯಿಂದ ಹೊರಡುತ್ತವೆ. ಕುಮಾರಪರ್ವತದಲ್ಲಿ ಹುಟ್ಟುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಮಂಗಳೂರಿನ ನಲ್ಲಿಗೂ ಈ ಹುಲ್ಲಿಗೂ ನೇರ ನಂಟಿದೆ.

ಈ ಹುಲ್ಲನ್ನು ಮತ್ತೆ ಮತ್ತೆ ತುಳಿದಾಗ ಮಣ್ಣು ಗಟ್ಟಿಯಾಗಿ ಬೇರು ಸಾಯುತ್ತದೆ. ಬರಿದಾದ ಸಾಲಿನಲ್ಲಿ ಮಳೆನೀರು ಇಂಗದೆ ಹರಿದು ಕೊರಕಲು ಬೀಳುತ್ತದೆ. ಕೊರಕಲಿನಲ್ಲಿ ಕಾಲು ಜಾರುವುದರಿಂದ ಮುಂದಿನವರು ಪಕ್ಕದ ಹುಲ್ಲಿಗೆ ಹತ್ತುತ್ತಾರೆ. ಹೀಗೆ ಒಂದು ಕಾಲುದಾರಿ ಎರಡಾಗಿ, ಮೂರಾಗಿ ಅಗಲವಾಗುತ್ತದೆ. ಕುದುರೆಮುಖದಲ್ಲಿ ವರ್ಷದ ಮಳೆ 7,000 ಮಿಲಿಮೀಟರ್ ಆಸುಪಾಸು. ಅಷ್ಟು ಮಳೆ ಬೀಳುವ ಇಳಿಜಾರಿನಲ್ಲಿ ಒಮ್ಮೆ ತೆರೆದುಕೊಂಡ ಗಾಯ ತಾನಾಗಿ ಮುಚ್ಚಿಕೊಳ್ಳುವುದು ಕಷ್ಟ. ಮೋಡ, ಮಂಜು, ಹಸಿರು ಬಯಸುವ ಚಾರಣಿಗರು ನೇತ್ರಾವತಿಯಂಥ ಬೆಟ್ಟಗಳಿಗೆ ಹೆಚ್ಚು ಬರುವುದೂ ಮಣ್ಣು ತೀರಾ ಮೆತ್ತಗಿರುವ ಜೂನ್‌ನಿಂದ ಸೆಪ್ಟೆಂಬರ್ ನಡುವೆಯೇ.

ತುಳಿತದ ಹಾನಿಗೆ ಒಂದು ವಿಚಿತ್ರ ಲೆಕ್ಕವಿದೆ. ಮನರಂಜನಾ ಬಳಕೆಯಿಂದ ಕಾಡಿಗಾಗುವ ಪರಿಣಾಮವನ್ನು ಅಧ್ಯಯನ ಮಾಡಿದವರು ಬೇರೆ ಬೇರೆ ದೇಶಗಳಲ್ಲಿ ಕಂಡುಕೊಂಡದ್ದು ಇದು: ಹಾನಿಯ ಬಹುಪಾಲು ಮೊದಲ ಹೆಜ್ಜೆಗಳಲ್ಲೇ ಆಗಿಹೋಗುತ್ತದೆ. ಯಾರೂ ನಡೆಯದ ಹುಲ್ಲಿನ ಮೇಲೆ ಕೆಲವೇ ಜನ ಓಡಾಡಿದರೂ ದಾರಿ ಮೂಡುತ್ತದೆ. ದಾರಿ ಮೂಡಿದ ಮೇಲೆ ಜನ ದುಪ್ಪಟ್ಟಾದರೂ ಹಾನಿ ದುಪ್ಪಟ್ಟಾಗುವುದಿಲ್ಲ, ಎಲ್ಲರೂ ಅದೇ ದಾರಿಯಲ್ಲಿ ನಡೆಯುವುದಾದರೆ. ಹಾಗಾಗಿ ತಲೆ ಎಣಿಸುವುದರಿಂದ ಮಾತ್ರ ಬೆಟ್ಟ ಉಳಿಯದು. ಎಲ್ಲಿ, ಯಾವ ಕಾಲದಲ್ಲಿ, ದಾರಿ ಬಿಡದೆ ನಡೆದರೋ ಬಿಟ್ಟು ನಡೆದರೋ ಎಂಬುದೂ ಅಷ್ಟೇ ಮುಖ್ಯ.

ಹೊಸ ಬೆಟ್ಟ ತೆರೆದು ಜನರನ್ನು ಹಂಚುವ ಸಲಹೆ ಸೋಲುವುದು ಇಲ್ಲಿಯೇ. ಕುಮಾರಪರ್ವತದ ಸಾವಿರ ಜನರನ್ನು ಹತ್ತು ಹೊಸ ಬೆಟ್ಟಗಳಿಗೆ ಕಳಿಸಿದರೆ ಕುಮಾರಪರ್ವತದ ದಾರಿಗೆ ಆಗುವ ಲಾಭ ಅಲ್ಪ, ಈವರೆಗೆ ಕಾಲು ಬೀಳದ ಹತ್ತು ಹುಲ್ಲುಗಾವಲುಗಳಿಗೆ ಆಗುವ ನಷ್ಟ ದೊಡ್ಡದು. ಆಗಲೇ ದಾರಿ ಬಿದ್ದಿರುವ ಬೆಟ್ಟಗಳನ್ನು ಗಟ್ಟಿ ಮಾಡಿ, ಉಳಿದವನ್ನು ಅವುಗಳ ಪಾಡಿಗೆ ಬಿಡುವುದೇ ಜಾಣತನ.

ಇನ್ನು ಮಿತಿಯೇ ಬೇಡ ಎನ್ನುವವರ ವಾದ. ಬೆಟ್ಟ ಹತ್ತುವುದು ನಾಡಿಗೆ ಹೊಸದಲ್ಲ ಎಂದು ಅವರು ಹೇಳುವುದು ನಿಜ. ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಬಳಿಯ ದೇವೀರಮ್ಮನ ಬೆಟ್ಟವನ್ನು ದೀಪಾವಳಿಯಲ್ಲಿ ಸಾವಿರಾರು ಜನ ಹತ್ತುತ್ತಾರೆ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಗದ್ದುಗೆಯಿದೆ, ಕೊಡಚಾದ್ರಿಯಲ್ಲಿ ಸರ್ವಜ್ಞ ಪೀಠವಿದೆ. ಆದರೆ ದೇವೀರಮ್ಮನ ಬೆಟ್ಟದ ಜಾತ್ರೆ ವರ್ಷಕ್ಕೊಮ್ಮೆ ಬರುತ್ತದೆ. ವಾರಾಂತ್ಯ ವರ್ಷಕ್ಕೆ 52 ಬಾರಿ ಬರುತ್ತದೆ. ಸಂಪ್ರದಾಯ ಬೆಟ್ಟಕ್ಕೆ ಕೊಟ್ಟ ಬಿಡುವನ್ನು ಮರೆತು, ಹತ್ತುವ ಹಕ್ಕನ್ನು ಮಾತ್ರ ಸಂಪ್ರದಾಯದ ಹೆಸರಿನಲ್ಲಿ ಕೇಳಲಾಗದು.

ಕಾನೂನೂ ಇವರ ಪರವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಪ್ರವಾಸಿಯಾಗಿ ಹೋಗಲು ಅನುಮತಿ ಬೇಕು. ಪುಷ್ಪಗಿರಿ ಅಭಯಾರಣ್ಯ, 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಎರಡೂ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳ ಪೈಕಿ ಬರುತ್ತವೆ. ಸಿಂಗಳೀಕ, ಕಾಟಿಗಳ ನೆಲೆಯಲ್ಲಿ ಓಡಾಟ ಪರವಾನಗಿಯ ವಿಷಯವೇ ಹೊರತು ಹಕ್ಕಿನದಲ್ಲ.

ಪೂರ್ತಿ ಮುಚ್ಚಬೇಕು ಎನ್ನುವವರ ನಿಲುವು ಹೊರನೋಟಕ್ಕೆ ಕಾಡಿನ ಪರವಾಗಿ ಕಾಣುತ್ತದೆ, ಫಲ ಮಾತ್ರ ಹಾಗಿರಲಾರದು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ನಿಂತದ್ದು 2005ರ ಕೊನೆಗೆ, 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ. ಆ ತೀರ್ಪಿನಲ್ಲಿ ಹೆಸರಿರುವ ಕೆ.ಎಂ. ಚಿಣ್ಣಪ್ಪ ನಾಗರಹೊಳೆಯಲ್ಲಿ ಕಾಡು ಕಾದ ಅರಣ್ಯಾಧಿಕಾರಿ. ಕಾಡನ್ನು ಕಾಲಾರೆ ಸುತ್ತಿ ಬಲ್ಲವರು ಇದ್ದುದರಿಂದಲೇ ಆ ಬೆಟ್ಟದ ಪರವಾಗಿ ನ್ಯಾಯಾಲಯದಲ್ಲಿ ಮಾತಾಡುವವರು ಸಿಕ್ಕರು. ಜನರು ಎಂದೂ ಕಾಣದ ಬೆಟ್ಟವನ್ನು ಗಣಿಗೋ ರಸ್ತೆಗೋ ಜಲಾಶಯಕ್ಕೋ ಬಿಟ್ಟುಕೊಡುವುದು ಸರ್ಕಾರಕ್ಕೆ ಸುಲಭ. ಬಾಗಿಲು ಮುಚ್ಚಿದರೆ ಚಾರಣ ನಿಲ್ಲುತ್ತದೆಂಬ ಖಾತ್ರಿಯೂ ಇಲ್ಲ. ನಿಷೇಧಿತ ದಾರಿಗಳಲ್ಲಿ ಕದ್ದು ಹೋಗುವವರು ಯಾವಾಗಲೂ ಇದ್ದಾರೆ. ಅವರ ಜೊತೆ ಮಾರ್ಗದರ್ಶಿ ಇರುವುದಿಲ್ಲ, ಕಸದ ಲೆಕ್ಕ ಇರುವುದಿಲ್ಲ, ದಾರಿ ತಪ್ಪಿದರೆ ಹುಡುಕಲು ಹೆಸರೂ ದಾಖಲಾಗಿರುವುದಿಲ್ಲ.

ಹೀಗೆ ನೋಡಿದಾಗ ಮಿತಿ ಇರಬೇಕು ಎಂಬ ಸರ್ಕಾರದ ತೀರ್ಮಾನ ಸರಿ. ತಪ್ಪಿರುವುದು ಎಲ್ಲ ಬೆಟ್ಟಕ್ಕೂ ಒಂದೇ ಅಂಕಿ ಅಂಟಿಸಿದ್ದರಲ್ಲಿ. ಕುಮಾರಪರ್ವತದ ದಾರಿ ಸುಬ್ರಹ್ಮಣ್ಯದ ಕಡೆಯಿಂದ ಮೊದಲು ದಟ್ಟ ಕಾಡಿನಲ್ಲಿ ಏರಿ ಗಿರಿಗದ್ದೆ ದಾಟಿದ ಮೇಲೆ ಬಯಲಿಗೆ ಬರುತ್ತದೆ. 1,712 ಮೀಟರ್ ಎತ್ತರದ ನೆತ್ತಿ ಮುಟ್ಟಿ ಮರಳಲು ಗಟ್ಟಿಗರಿಗೂ ಇಡೀ ದಿನ ಬೇಕು. ಎತ್ತಿನಭುಜದ ಏರು ಅದಕ್ಕಿಂತ ತೀರಾ ಚಿಕ್ಕದು. ಅಲ್ಲಿ ಇಕ್ಕಟ್ಟಾಗುವುದು ತುದಿಯ ಬಂಡೆ. ಸ್ಕಂದಗಿರಿಯಂಥ ಬಯಲುಸೀಮೆಯ ಕಲ್ಲುಬೆಟ್ಟ ತಾಳಿಕೊಳ್ಳುವ ಜನಸಂಖ್ಯೆಯೇ ಬೇರೆ, ಜುಲೈನ ನೇತ್ರಾವತಿ ತಾಳಿಕೊಳ್ಳುವುದೇ ಬೇರೆ. ಒಂದೇ ಬೆಟ್ಟಕ್ಕೂ ಜನವರಿಯ ಲೆಕ್ಕ ಜುಲೈಗೆ ಹೊಂದದು. ದಿನಕ್ಕೆ 300 ಎಂದ ಮೇಲೂ, ಅಷ್ಟೂ ಜನ ಬೆಳಿಗ್ಗೆ ಏಳರಿಂದ ಎಂಟರ ಒಳಗೆ ಒಂದೇ ಚೆಕ್‌ಪೋಸ್ಟ್ ದಾಟಿದರೆ ಬೆಟ್ಟದ ಮೇಲೆ ಹಳೆಯ ಸಂತೆಯೇ. ಧಾರಣಾ ಸಾಮರ್ಥ್ಯ ಎಂಬ ಪದ ಇಲಾಖೆಯ ಕಡತಗಳಲ್ಲಿ ಧಾರಾಳವಾಗಿದೆ. ಅದನ್ನು ಬೆಟ್ಟ ಬೆಟ್ಟಕ್ಕೂ ಅಳೆದು ಜನರ ಮುಂದಿಡಬೇಕು.

ಮಿತಿ ನಡೆಯುವವರಿಗೆ ಮಾತ್ರ ಇದ್ದರೆ ಅದು ಅನ್ಯಾಯವೂ ಹೌದು. 1,930 ಮೀಟರ್ ಎತ್ತರದ, ರಾಜ್ಯದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೂ ಕಾರು ಹೋಗುತ್ತದೆ. ರಜಾದಿನಗಳಲ್ಲಿ ಅಲ್ಲಿ ವಾಹನಗಳ ಸಾಲು ಗಂಟೆಗಟ್ಟಲೆ ಕದಲುವುದಿಲ್ಲ. ಚಿಕ್ಕಮಗಳೂರು ಜಿಲ್ಲಾಡಳಿತ ಆ ದಾರಿಯ ವಾಹನಗಳಿಗೆ ಮುಂಗಡ ನೋಂದಣಿಯನ್ನು 2025ರಲ್ಲಷ್ಟೇ ತಂದಿತು. ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ 2024ರ ಮೇ ತಿಂಗಳಲ್ಲೇ ಇ-ಪಾಸ್ ಕಡ್ಡಾಯವಾಗಿತ್ತು. ಕಾಲ್ನಡಿಗೆಯವನನ್ನು ಎಣಿಸಿ, ಜೀಪು ಕಾರುಗಳನ್ನು ಎಣಿಸದೆ ಬಿಡುವ ನಿಯಮಕ್ಕೆ ನೈತಿಕ ಬಲವಿರುವುದಿಲ್ಲ.

ತಮಿಳುನಾಡಿನಿಂದ ಕಲಿಯುವುದು ಇನ್ನೂ ಇದೆ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಒಣ ಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮನುಷ್ಯನ ಓಟಕ್ಕಿಂತ ಬೇಗ ಏರುತ್ತದೆ ಎಂಬುದನ್ನು ಆ ದುರಂತ ಎಲ್ಲರಿಗೂ ತೋರಿಸಿತು. ಅದೇ ವರ್ಷ ಆ ರಾಜ್ಯ ಚಾರಣಕ್ಕೆಂದೇ ನಿಯಮಾವಳಿ ರೂಪಿಸಿ ದಾರಿಗಳನ್ನು ಸುಲಭ, ಮಧ್ಯಮ, ಕಠಿಣ ಎಂದು ವಿಂಗಡಿಸಿತು. 2024ರಲ್ಲಿ 40 ದಾರಿಗಳ ‘ಟ್ರೆಕ್ ತಮಿಳುನಾಡು’ ಯೋಜನೆ ಆರಂಭಿಸಿ, ಕಾಡಂಚಿನ ಮತ್ತು ಆದಿವಾಸಿ ಯುವಕರಿಗೆ ತರಬೇತಿ ಕೊಟ್ಟು ಮಾರ್ಗದರ್ಶಿಗಳನ್ನಾಗಿ ನೇಮಿಸಿತು. ಬೇಸಿಗೆಯಲ್ಲಿ ಕುದುರೆಮುಖದ ದಾರಿಗಳನ್ನು ಮುಚ್ಚುವ ಕರ್ನಾಟಕದ ಪದ್ಧತಿ ಈ ದೃಷ್ಟಿಯಿಂದ ಸರಿಯಾದದ್ದೇ. ಆದರೆ ಜಾಹೀರಾತು ಕೊಟ್ಟು ಜನರನ್ನು ಕರೆತರುವ ಸಂಘಟಕರ ಹೊಣೆ ಏನು, ಅವರಲ್ಲಿ ಪ್ರಥಮ ಚಿಕಿತ್ಸೆ ಬಲ್ಲವರು ಎಷ್ಟು ಎಂದು ಕೇಳುವ ಗಟ್ಟಿ ವ್ಯವಸ್ಥೆ ಬೇಕಾಗಿದೆ. ಮಂಗನ ಕಾಯಿಲೆ ಹೆಚ್ಚಾಗಿ ಹರಡುವುದು ಡಿಸೆಂಬರ್‌ನಿಂದ ಮೇವರೆಗೆ. ಆಗ ಅದನ್ನು ಹರಡುವ ಉಣ್ಣೆಯ ಬಗ್ಗೆ ಎಚ್ಚರಿಕೆ ಕೊಡದೆ ಮಲೆನಾಡಿನ ಕಾಡಿಗೆ ಗುಂಪು ನುಗ್ಗಿಸುವ ಸಂಘಟಕರಿಗೆ ಪರವಾನಗಿ ಸಿಗಬಾರದು.

ಕಡೆಯದಾಗಿ, ಹಣದ ವಿಚಾರ. ಕುದುರೆಮುಖ ಶಿಖರದ ಚಾರಣ ಶುರುವಾಗುವ ಮುಳ್ಳೋಡಿಯಂಥ ಊರುಗಳು ರಾಷ್ಟ್ರೀಯ ಉದ್ಯಾನದ ನಿರ್ಬಂಧಗಳ ನಡುವೆ ಬದುಕುತ್ತಿವೆ. ಉದ್ಯಾನದೊಳಗಿನ ಮನೆಗಳಿಗೆ ರಸ್ತೆ, ವಿದ್ಯುತ್ ಕೇಳಿದರೆ ಕಾಯ್ದೆ ಅಡ್ಡ ಬರುತ್ತದೆ; ಪುನರ್ವಸತಿಯ ಮಾತು ದಶಕಗಳಿಂದ ಎಳೆಯುತ್ತಲೇ ಇದೆ. ಅದೇ ಊರಿನ ಅಂಗಳ ದಾಟಿ ವಾರಕ್ಕೆ ನೂರಾರು ಜನ ಟಿಕೆಟ್ ಪಡೆದು ಬೆಟ್ಟಕ್ಕೆ ಹೋಗುತ್ತಾರೆ. ಜೀಪು, ಹೋಂಸ್ಟೇ, ಊಟದಿಂದ ಕೆಲವರಿಗೆ ದುಡಿಮೆ ಸಿಕ್ಕಿರುವುದು ನಿಜ. ಚಾರಣ ನಿಂತರೆ ಮೊದಲ ಪೆಟ್ಟು ಬೀಳುವುದೂ ಅವರಿಗೇ. ಟಿಕೆಟ್ಟಿನ ಹಣದಲ್ಲಿ ಒಂದು ನಿಶ್ಚಿತ ಪಾಲು ಊರಿನ ಪರಿಸರ ಅಭಿವೃದ್ಧಿ ಸಮಿತಿಗೆ ಹೋಗಿ, ಅದರ ಲೆಕ್ಕ ಊರವರ ಕಣ್ಣಿಗೆ ಬೀಳುವಂತಿದ್ದರೆ ಬೆಟ್ಟಕ್ಕೆ ಕಾವಲುಗಾರರು ಸಂಬಳವಿಲ್ಲದೆ ಸಿಗುತ್ತಾರೆ.

ಇಷ್ಟನ್ನೂ ಕೂಡಿಸಿದರೆ ಆಗಬೇಕಾದ ಕೆಲಸ ಸ್ಪಷ್ಟ. ಪ್ರತಿ ಬೆಟ್ಟಕ್ಕೆ, ಪ್ರತಿ ಹಂಗಾಮಿಗೆ ಬೇರೆ ಮಿತಿ ನಿಗದಿಯಾಗಬೇಕು. ಬೆಳಗಿನ ಪ್ರವೇಶವನ್ನು ಗಂಟೆಯ ಲೆಕ್ಕದಲ್ಲಿ ಹಂಚಬೇಕು. ವಾರದ ದಿನಗಳಲ್ಲಿ ಶುಲ್ಕ ಇಳಿದರೆ ಶನಿವಾರದ ಒತ್ತಡವೂ ಇಳಿಯುತ್ತದೆ. ಆನ್‌ಲೈನ್ ಟಿಕೆಟ್ ಕಾಯ್ದಿರಿಸಲಾಗದ, ದುಬಾರಿ ಪ್ಯಾಕೇಜ್ ಕೊಳ್ಳಲಾಗದ ಸುಳ್ಯ, ಕಳಸ, ಸೋಮವಾರಪೇಟೆಯ ಹುಡುಗ ಹುಡುಗಿಯರಿಗೆ ಒಂದಿಷ್ಟು ಪಾಲು ಮೀಸಲಿರಬೇಕು. ಕೊರಕಲು ಬಿದ್ದ ದಾರಿಗೆ ಕಲ್ಲು ಕೂಡಿಸಿ, ನೀರು ಪಕ್ಕಕ್ಕೆ ಹರಿಯಲು ಅಡ್ಡಗಾಲುವೆ ತೆಗೆದು, ಅಡ್ಡದಾರಿಗಳನ್ನು ಬೇಲಿ ಹಾಕಿ ಮುಚ್ಚಬೇಕು. ಸ್ಥಳೀಯ ಮಾರ್ಗದರ್ಶಿ ಇಲ್ಲದೆ ಯಾವ ಗುಂಪೂ ಹುಲ್ಲುಗಾವಲಿಗೆ ಹತ್ತಬಾರದು. ಈ ಯಾವ ಕೆಲಸಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಟಿಕೆಟ್ಟಿನ ಹಣ ಬೆಟ್ಟಕ್ಕೇ ಮರಳಿದರೆ ಸಾಕು.

ಅರಣ್ಯ ಇಲಾಖೆ ಮುಂದಿನ ಮಳೆಗಾಲಕ್ಕೆ ಮುಂಚೆ ಪ್ರತಿ ಚಾರಣಪಥದ ಮಿತಿಯನ್ನು, ಆ ಅಂಕಿಗೆ ಬಂದ ಕಾರಣಗಳ ಸಮೇತ, ‘ಅರಣ್ಯ ವಿಹಾರ’ದಲ್ಲೇ ಪ್ರಕಟಿಸಬೇಕು. ಕಾರಣ ಹೇಳಲಾಗದ ಮಿತಿಯನ್ನು ಜನ ಗೌರವಿಸುವುದಿಲ್ಲ. ಜನ ಗೌರವಿಸದ ಮಿತಿ ಯಾವ ಬೆಟ್ಟವನ್ನೂ ಉಳಿಸುವುದಿಲ್ಲ.