ರೋಹಿಣಿ ಹುಟ್ಟುವ ಹೊತ್ತಿಗೆ

ಬಯಲುಸೀಮೆಯ ಗೆಳೆಯರನ್ನು ನೋಡಲು ಮೇ ಕೊನೆಯಲ್ಲಿ, ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ಹೋಗಬೇಕು. ಚಳ್ಳಕೆರೆಯ ಹಳ್ಳಿಗಳಲ್ಲಿ ಆಗ ಮನೆಮಂದಿಯೆಲ್ಲ ಜಗಲಿಯಲ್ಲಿ ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿರುತ್ತಾರೆ. ಬಂದವರ ಮುಂದೂ ಒಂದು ಮೊರ ಇಡುತ್ತಾರೆ. ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಗೊತ್ತಿಲ್ಲ. ಮಾತೆಲ್ಲ ಮೋಡದ್ದೇ. ಪಶ್ಚಿಮಘಟ್ಟದ ಮಳೆನೆರಳಿನ ಈ ನೆಲಕ್ಕೆ ವರ್ಷದ ಸರಾಸರಿ ಮಳೆ 500 ಮಿಲಿಮೀಟರಿನ ಆಸುಪಾಸು. ಮುಂಗಾರಿನ ಮೋಡ ಬಹುಪಾಲು ಗಾಳಿಗೆ ಸಿಕ್ಕಿ ತಲೆಯ ಮೇಲೆಯೇ ದಾಟಿಹೋಗುತ್ತದೆ. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಇಷ್ಟು ಕಾಯುವ ಜನ ಬೀಜವನ್ನು ಇನ್ನೂ ಕೈಯಾರೆ ಆರಿಸುತ್ತಾರೆಂಬುದೇ ನನ್ನನ್ನು ಪ್ರತಿಸಲ ಇಲ್ಲಿಗೆ ಎಳೆದು ತರುತ್ತದೆ. ಮಧ್ಯಾಹ್ನ ಧೂಳೆದ್ದು ಗುಡುಗಿದರೆ ಎಲ್ಲರೂ ಅಂಗಳಕ್ಕೆ ಇಳಿಯುತ್ತಾರೆ. ಹೊರಟೆನೆಂದರೆ 'ಮಳೆ ನೋಡ್ಕಂಡು ಹೋಗಪ್ಪ' ಎಂದು ಗೆಳೆಯನ ತಾಯಿ ನನ್ನ ಚೀಲ ಒಳಗಿಡುತ್ತಾರೆ, ನಾನು ಉಳಿಯುತ್ತೇನೆ.