ದಿನೆ ಜನರ ನಾಡಿನಲ್ಲಿ ಆಟ ಮತ್ತು ಆರೈಕೆ



ರೋಗಗಳಲ್ಲಿ ಕೆಲವು ಬಾಗಿಲು ಬಡಿದು ಬರುತ್ತವೆ. ಕೆಲವು ಸದ್ದಿಲ್ಲದೆ ಒಳಹೊಕ್ಕು ಕುಳಿತುಬಿಡುತ್ತವೆ. ಅಧಿಕ ರಕ್ತದೊತ್ತಡವು ಎರಡನೆಯ ವರ್ಗಕ್ಕೆ ಸೇರಿದುದು. ನೋವಿಲ್ಲ, ಜ್ವರವಿಲ್ಲ, ಆದುದರಿಂದ ಮನೆಯವರಿಗೆ ಆತಂಕವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನಲ್ಲಿ 30ರಿಂದ 79 ವರ್ಷ ವಯಸ್ಸಿನ ಸುಮಾರು 128 ಕೋಟಿ ಜನರಿಗೆ ಈ ತೊಂದರೆ ಇದೆ. ಅವರಲ್ಲಿ ಶೇ. 46ರಷ್ಟು ಜನರಿಗೆ ಅದು ತಮಗಿದೆಯೆಂಬುದೇ ತಿಳಿದಿಲ್ಲ. ಒತ್ತಡವನ್ನು ಹತೋಟಿಯಲ್ಲಿ ಇರಿಸಿಕೊಂಡವರು ಐವರಲ್ಲಿ ಒಬ್ಬರು ಮಾತ್ರ.

ಇಂತಹ ಮೂಕ ರೋಗದ ಆರೈಕೆಗೆ ಮೊಬೈಲಿನಲ್ಲಿಯೂ ಗಣಕಯಂತ್ರದಲ್ಲಿಯೂ ಆಡುವ ಆಟಗಳನ್ನು ಸಾಧನವಾಗಿ ಬಳಸಬಹುದೇ, ಅದರಲ್ಲಿಯೂ ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನಡುವೆ ಬಳಸಬಹುದೇ ಎಂಬುದು ಈ ತಿಂಗಳು ನಾನು ವಿವೇಚಿಸಬಯಸುವ ವಿಷಯ. ಮೊಮ್ಮಕ್ಕಳ ಕೈಯಿಂದ ಮೊಬೈಲು ಕಸಿದುಕೊಳ್ಳುವುದೇ ದಿನಚರಿಯಾಗಿರುವ ಹಿರಿಯರು ಹುಬ್ಬೇರಿಸಿಯಾರು. ಆ ಹುಬ್ಬನ್ನು ತುಸು ಹೊತ್ತು ಇಳಿಸಿ ಓದಬೇಕೆಂದು ಕೋರುತ್ತೇನೆ.

ನವಾಹೋ ಎಂಬುದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು ‘ದಿನೆ’ ಎಂದು ಕರೆದುಕೊಳ್ಳುತ್ತಾರೆ. ಜನರು ಎಂಬುದೇ ಅದರ ಅರ್ಥ. ಅರಿಜೋನಾ, ನ್ಯೂ ಮೆಕ್ಸಿಕೋ ಮತ್ತು ಯೂಟಾ ರಾಜ್ಯಗಳಲ್ಲಿ ಹರಡಿರುವ ಅವರ ಸ್ವಾಯತ್ತ ನಾಡು ಸುಮಾರು 27,000 ಚದರ ಮೈಲಿಗಳ ವಿಸ್ತಾರವುಳ್ಳದ್ದು. ವಿಂಡೋ ರಾಕ್ ಅದರ ರಾಜಧಾನಿ. ಕೆಂಪು ಬಂಡೆಗಳ ಆ ಒಣನೆಲದಲ್ಲಿ ಒಂದು ಮನೆಗೂ ಮತ್ತೊಂದು ಮನೆಗೂ ಮೈಲಿಗಟ್ಟಲೆ ಅಂತರ. ಅನೇಕ ಮನೆಗಳಿಗೆ ಇಂದಿಗೂ ನಲ್ಲಿಯ ನೀರಿಲ್ಲ. ದೂರದಿಂದ ಪೀಪಾಯಿಗಳಲ್ಲಿ ತುಂಬಿ ತರಬೇಕು. ತಾಜಾ ಕಾಯಿಪಲ್ಲೆ ದೊರೆಯುವ ದೊಡ್ಡ ಅಂಗಡಿಗಳನ್ನು ನಾಡಿನಾದ್ಯಂತ ಬೆರಳೆಣಿಕೆಯಲ್ಲಿ ಎಣಿಸಬಹುದು.

ಈ ಜನರ ಅನ್ನ ಕೆಟ್ಟದ್ದು ಹೇಗೆ ಎಂಬುದನ್ನು ತಿಳಿಯದೆ ಅವರ ರೋಗವನ್ನು ತಿಳಿಯಲಾಗದು. ಜೋಳದಂತಹ ನೀಲಿ ಮೆಕ್ಕೆಕಾಳನ್ನು ಬೀಸಿ, ಜೂನಿಪರ್ ಗಿಡದ ಬೂದಿಯನ್ನು ಬೆರೆಸಿ ಕಾಸಿದ ಅಂಬಲಿ, ಹುರುಳಿಯ ಜಾತಿಯ ಕಾಳು, ಕುಂಬಳಕಾಯಿ, ಕುರಿಯ ಮಾಂಸ, ಇವು ಅವರ ಹಳೆಯ ಆಹಾರ. ಹಾಲಿನ ಬಳಕೆ ಹೆಚ್ಚಿಲ್ಲದ ಆ ಊಟದಲ್ಲಿ ಎಲುಬಿಗೆ ಬೇಕಾದ ಸುಣ್ಣದಂಶವನ್ನು ಕೊಡುತ್ತಿದ್ದುದು ಆ ಬೂದಿಯೇ! 1864ರಲ್ಲಿ ಅಮೆರಿಕದ ಸೈನ್ಯವು ಅವರ ಹೊಲಗಳನ್ನೂ ಹಣ್ಣಿನ ಮರಗಳನ್ನೂ ನಾಶಮಾಡಿ, ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಬೋಸ್ಕೆ ರೆಡೊಂಡೊ ಎಂಬಲ್ಲಿ ಕೂಡಿಹಾಕಿತು. ಅಲ್ಲಿ ಸತ್ತವರು ಸಾವಿರಾರು. 1868ರ ಜೂನ್ 1ರಂದು ಒಪ್ಪಂದವಾಗಿ ಉಳಿದವರು ತಮ್ಮ ನಾಡಿಗೆ ಮರಳಿದರು. ಆದರೆ ಸೆರೆಯಲ್ಲಿ ಪಡಿತರವಾಗಿ ಸಿಕ್ಕ ಬಿಳಿಯ ಹಿಟ್ಟು, ಕೊಬ್ಬು, ಉಪ್ಪು, ಸಕ್ಕರೆಗಳು ಅವರ ಬೆನ್ನು ಬಿಡಲಿಲ್ಲ. ಆ ಹಿಟ್ಟನ್ನು ಆ ಕೊಬ್ಬಿನಲ್ಲಿ ಕರಿದು ಮಾಡಿದ ರೊಟ್ಟಿಯೇ ಇಂದು ಹಬ್ಬ ಜಾತ್ರೆಗಳಲ್ಲಿ ‘ನಮ್ಮ ತಿನಿಸು’ ಎನಿಸಿಕೊಂಡಿದೆ. ಸಂಕಟದ ಊಟವೇ ಸಂಪ್ರದಾಯವಾದ ವಿಚಿತ್ರವಿದು. ಆ ರೊಟ್ಟಿಯನ್ನು ಹೊರಗಿನ ವೈದ್ಯನು ಹೀಗಳೆದರೆ ಅಜ್ಜಿಯ ಕೈಯನ್ನೇ ಹೀಗಳೆದಂತಾಗುತ್ತದೆ.

ಅವರು ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಹಣ್ಣು ತರಕಾರಿಗಳ ಮೇಲಿನ ತೆರಿಗೆಯನ್ನು 2014ರಲ್ಲಿ ತೆಗೆದುಹಾಕಿ, ಸತ್ವಹೀನ ತಿನಿಸು ಮತ್ತು ಸಿಹಿ ಪಾನೀಯಗಳ ಮೇಲೆ ಶೇ. 2ರಷ್ಟು ಹೆಚ್ಚುವರಿ ತೆರಿಗೆಯನ್ನು ಅವರ ಸರ್ಕಾರವು ವಿಧಿಸಿತು. ಅದು 2015ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು; ಅಮೆರಿಕದಲ್ಲಿ ಅಂತಹ ಕಾನೂನು ಅದೇ ಮೊದಲು. ಬಂದ ಹಣವು ಊರೂರಿನ ಆರೋಗ್ಯ ಕಾರ್ಯಗಳಿಗೆ ಹೋಗುತ್ತದೆ.

ಈಗ ಮುಖ್ಯವಾದ ತೊಡಕಿಗೆ ಬರೋಣ. ದಿನೆ ಜನರ ಬಾಳಿನ ನಡುಗಂಬ ‘ಹೋಝೋ’ ಎಂಬ ಭಾವನೆ. ಸೌಂದರ್ಯ, ಸಾಮರಸ್ಯ, ಆರೋಗ್ಯ, ಸಮತೂಕ ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿವೆ. ಆ ಸಮತೂಕವನ್ನು ಕಾಯುವುದು ಆಲೋಚನೆ ಮತ್ತು ಮಾತು. ನುಡಿದುದು ಬರಿಯ ಸದ್ದಲ್ಲ, ಅದು ನಡೆಯುವುದನ್ನು ರೂಪಿಸುವ ಶಕ್ತಿಯೆಂಬುದು ಅವರ ನಂಬುಗೆ. ಜೋಸೆಫ್ ಕ್ಯಾರೀಸ್ ಮತ್ತು ಲೋರ್ನಾ ರೋಡ್ಸ್ ಎಂಬ ವಿದ್ವಾಂಸರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1995ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಸ್ಪಷ್ಟಪಡಿಸಿತು: ಮುಂದೆ ಬರಬಹುದಾದ ಕೇಡನ್ನು ರೋಗಿಯ ಮುಖಕ್ಕೆ ನುಡಿಯುವುದೇ ಆ ಕೇಡನ್ನು ಕರೆದಂತೆ ಎಂದು ಅವರಲ್ಲಿ ಅನೇಕರು ಭಾವಿಸುತ್ತಾರೆ.

ವೈದ್ಯರು ರಕ್ತದೊತ್ತಡದ ರೋಗಿಗೆ ಹೇಳುವುದಾದರೂ ಏನು? “ಗುಳಿಗೆ ಬಿಟ್ಟರೆ ಲಕ್ವ ಹೊಡೆಯುತ್ತದೆ, ಮೂತ್ರಪಿಂಡ ಕೆಡುತ್ತದೆ, ಹೃದಯ ನಿಲ್ಲುತ್ತದೆ.” ಎಚ್ಚರಿಸಲೆಂದು ಆಡಿದ ಈ ಮಾತು ಅಲ್ಲಿ ಶಾಪವಾಗಿ ಕೇಳಿಸುತ್ತದೆ. ಶಾಪವಿತ್ತವನ ಬಳಿಗೆ ಯಾರು ಮತ್ತೆ ಹೋಗುತ್ತಾರೆ?

ನಮ್ಮ ಮನೆಗಳಲ್ಲಿಯೂ ಮಗು ಕೆಟ್ಟ ಮಾತಾಡಿದರೆ “ಬಿಡ್ತು ಅನ್ನು, ಅಸ್ತು ದೇವತೆಗಳು ತಿರುಗಾಡುತ್ತಿರುತ್ತವೆ” ಎಂದು ಅಜ್ಜಿಯರು ಗದರಿಸುವುದುಂಟು. ಶಕುನ ಅಪಶಕುನಗಳನ್ನು ಶರಣರು ತಳ್ಳಿಹಾಕಿದವರು; ಆ ಪರಂಪರೆಯ ನಾವು ನವಾಹೋ ಜನರ ನಂಬುಗೆಯನ್ನೂ ಮೌಢ್ಯವೆಂದು ಕರೆದು ಮುಂದೆ ಹೋಗಬಹುದೆಂದು ಕೆಲವರಿಗೆ ತೋರೀತು. ನನಗೆ ಹಾಗೆ ತೋರುವುದಿಲ್ಲ. ಕಾಗೆ ಕೂಗಿದ್ದಕ್ಕೆ ಹೆದರುವುದು ಬೇರೆ, ಆಡುವ ಮಾತಿಗೆ ಹೊಣೆಯಾಗುವುದು ಬೇರೆ. ಶರಣರು ಮೊದಲನೆಯದನ್ನು ನಿರಾಕರಿಸಿದಷ್ಟೇ ಗಟ್ಟಿಯಾಗಿ ಎರಡನೆಯದನ್ನು ಒತ್ತಿ ಹೇಳಿದರು. ಆದರೂ ಸತ್ಯವನ್ನು ಮುಚ್ಚಿಟ್ಟರೆ ರೋಗಿಯು ಅರಿಯದೆಯೇ ಸಾಯುತ್ತಾನೆ. ಬಿಚ್ಚಿಟ್ಟರೆ ಅರಿಯಲೊಲ್ಲದೆ ಎದ್ದು ಹೋಗುತ್ತಾನೆ. ಈ ಇಕ್ಕಟ್ಟಿನಲ್ಲಿಯೇ ಆಟದ ಉಪಯೋಗವಿರುವುದು.

ಆಟದಲ್ಲಿ ಕೇಡು ಆಟಗಾರನಿಗೆ ಆಗುವುದಿಲ್ಲ, ಪಾತ್ರಕ್ಕೆ ಆಗುತ್ತದೆ. ಕುರಿಮಂದೆಯನ್ನು ಮೇಯಿಸುವ ಒಬ್ಬ ಮುದುಕ ತೆರೆಯ ಮೇಲೆ ಇದ್ದಾನೆನ್ನಿ. ಅವನು ಉಪ್ಪು ಹೆಚ್ಚು ತಿಂದರೆ ರಕ್ತನಾಳವೆಂಬ ಕಾಲುವೆಯಲ್ಲಿ ನೀರು ಉಬ್ಬುತ್ತದೆ; ಗುಳಿಗೆ ನುಂಗಿ ನಾಲ್ಕು ಹೆಜ್ಜೆ ನಡೆದರೆ ಇಳಿಯುತ್ತದೆ. “ನಿನಗೆ ಹೀಗಾದೀತು” ಎಂದು ಯಾರೂ ನುಡಿಯಬೇಕಾಗಿಲ್ಲ. ನೋಡಿದವನು ತಾನೇ ಅರಿತುಕೊಳ್ಳುತ್ತಾನೆ. ನಮ್ಮ ಹಿರಿಯರು ಪರಮಪದ ಸೋಪಾನದ ಹಾವು ಏಣಿಗಳಲ್ಲಿ ಪಾಪ ಪುಣ್ಯಗಳನ್ನು ಬೋಧಿಸಿದ್ದೂ ಹೆಚ್ಚುಕಡಿಮೆ ಇದೇ ಉಪಾಯದಿಂದ.

ಆಟದಿಂದ ನಿಜವಾಗಿಯೂ ಗುಣವುಂಟೇ ಎಂದು ಕೇಳುವವರಿಗೆ ಆಧಾರಗಳಿವೆ. 1995ರಲ್ಲಿ ಸಕ್ಕರೆ ಕಾಯಿಲೆಯ ಮಕ್ಕಳಿಗಾಗಿ ‘ಪ್ಯಾಕಿ ಮತ್ತು ಮಾರ್ಲನ್’ ಎಂಬ ಆಟವೊಂದು ಬಂದಿತು. ಎರಡು ಆನೆಮರಿಗಳು ತಮ್ಮ ಊಟವನ್ನೂ ಇನ್ಸುಲಿನ್ನನ್ನೂ ಸರಿದೂಗಿಸಿಕೊಳ್ಳುವ ಕಥೆಯದು. 59 ಮಕ್ಕಳ ಮೇಲೆ ನಡೆದ ಆರು ತಿಂಗಳ ಪರೀಕ್ಷೆಯಲ್ಲಿ, ಅದನ್ನು ಆಡಿದ ಮಕ್ಕಳು ತುರ್ತು ಚಿಕಿತ್ಸೆಗೆ ಓಡಬೇಕಾದ ಸಂದರ್ಭಗಳು ಶೇ. 77ರಷ್ಟು ಇಳಿದುವೆಂದು 1997ರಲ್ಲಿ ವರದಿಯಾಯಿತು. ಕ್ಯಾನ್ಸರಿನ ತರುಣ ರೋಗಿಗಳಿಗಾಗಿ 2006ರಲ್ಲಿ ಬಂದ ‘ರೀ-ಮಿಷನ್’ ಆಟವನ್ನು 34 ಆಸ್ಪತ್ರೆಗಳಲ್ಲಿ 375 ಜನರ ನಡುವೆ ಪರೀಕ್ಷಿಸಲಾಯಿತು. ಆಡಿದವರು ಔಷಧವನ್ನು ಹೆಚ್ಚು ನಿಯಮದಿಂದ ಸೇವಿಸಿದರು. ಮನೆಮಂದಿಯ ಪತ್ರಿಕೆಯಾದ ಇದರಲ್ಲಿ ಮತ್ತೊಂದನ್ನು ವಿಶೇಷವಾಗಿ ಹೇಳಬೇಕು. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 94 ಕುಟುಂಬಗಳ 200 ಜನರು ಪಾಲುಗೊಂಡರು. ಆಟದ ಗುಂಪಿನ ಪ್ರತಿ ಕುಟುಂಬದಲ್ಲಿ ದಿನಕ್ಕೊಬ್ಬರನ್ನು ಚೀಟಿ ಎತ್ತಿದಂತೆ ಆರಿಸಲಾಗುತ್ತಿತ್ತು. ಹಿಂದಿನ ದಿನ ಆ ಒಬ್ಬರು ಗುರಿಯಷ್ಟು ನಡೆದಿದ್ದರೆ ಮಾತ್ರ ಇಡೀ ಕುಟುಂಬದ ಅಂಕಗಳು ಉಳಿಯುತ್ತಿದ್ದುವು. ಯಾರ ಹೆಸರು ಬರುವುದೋ ತಿಳಿಯದ ಕಾರಣ ಎಲ್ಲರೂ ನಡೆಯಲೇಬೇಕು! ಆಟವಿಲ್ಲದ ಕುಟುಂಬಗಳಿಗಿಂತ ಅವರ ನಡಿಗೆ ಎದ್ದು ಕಾಣುವಷ್ಟು ಹೆಚ್ಚಿತು. ಹನ್ನೆರಡು ವಾರಗಳ ಆಟ ಮುಗಿದ ಮೇಲೆ ಉತ್ಸಾಹ ಕುಗ್ಗಿದರೂ ಪೂರ್ತಿ ಆರಲಿಲ್ಲ.

ಈ ಕೊನೆಯ ಆಟವು ನವಾಹೋ ಜನರಿಗೆ ಒಗ್ಗುವಂತಹದು ಎಂದು ನನ್ನ ಅಭಿಪ್ರಾಯ. ಬಂಧುತ್ವವು ಅವರಲ್ಲಿ ಬಹಳ ಗಟ್ಟಿ. ಹೊಸಬರು ಭೇಟಿಯಾದಾಗ ತಾಯಿಯ ಬಳಿ, ತಂದೆಯ ಬಳಿ ಮೊದಲಾಗಿ ನಾಲ್ಕು ಬಳಿಗಳನ್ನು ಹೇಳಿ ಪರಿಚಯಿಸಿಕೊಳ್ಳುವುದು ಅವರ ಮರ್ಯಾದೆ. ಒಬ್ಬಂಟಿಯಾಗಿ ಗೆಲ್ಲುವ ಆಟಕ್ಕಿಂತ ಅಜ್ಜಿ ಮೊಮ್ಮಗಳು ಕೂಡಿ ಆಡುವ ಆಟವು ಅಲ್ಲಿ ಹೆಚ್ಚು ಸಲ್ಲುತ್ತದೆ. ಯಂತ್ರವನ್ನು ಮೊಮ್ಮಗಳು ಬಲ್ಲಳು, ಭಾಷೆಯನ್ನು ಅಜ್ಜಿ ಬಲ್ಲಳು. ಅಕ್ಷರಕ್ಕಿಂತ ಧ್ವನಿಯಲ್ಲಿ, ಇಂಗ್ಲಿಷಿಗಿಂತ ದಿನೆ ಭಾಷೆಯಲ್ಲಿ ಅದು ಮಾತಾಡಬೇಕು. ಜಾಲಸಂಪರ್ಕವೇ ದೊರೆಯದ ಕಣಿವೆಗಳಲ್ಲಿಯೂ ನಡೆಯಬೇಕು. ‘ಸ್ಟಾರ್ ವಾರ್ಸ್’ ಚಲನಚಿತ್ರವನ್ನು 2013ರಲ್ಲಿ ಆ ಭಾಷೆಗೆ ತಂದವರಿಗೆ ಇದು ಅಸಾಧ್ಯವಲ್ಲ.

ಆದರೆ ಅಲ್ಲಿ ಆಟಕ್ಕೆ ಋತುವಿದೆ. ಕೈಬೆರಳುಗಳಲ್ಲಿ ದಾರ ಕಟ್ಟಿ ನಕ್ಷತ್ರ, ಮಿಂಚುಗಳ ಆಕೃತಿ ತೋರಿಸುವ ಆಟವನ್ನು ಕಲಿಸಿದವಳು ಜೇಡರ ತಾಯಿಯೆಂದು ಅವರ ಐತಿಹ್ಯ. ಜೇಡಗಳು ನಿದ್ರಿಸುವ ಚಳಿಗಾಲದಲ್ಲಿ ಮಾತ್ರ ಅದನ್ನು ಆಡಬೇಕು. ಪಾದರಕ್ಷೆಗಳಲ್ಲಿ ಚೆಂಡು ಬಚ್ಚಿಡುವ ಆಟವೂ ಹಾಗೆಯೇ. ಸದಾ ಹಗಲೇ ಇರಬೇಕೆಂಬ ಪ್ರಾಣಿಗಳೂ ಸದಾ ಇರುಳೇ ಇರಬೇಕೆಂಬ ಪ್ರಾಣಿಗಳೂ 102 ಕಡ್ಡಿಗಳನ್ನು ಪಣವಿಟ್ಟು ಅದನ್ನು ಮೊದಲು ಆಡಿದವಂತೆ. ಯಾರೂ ಗೆಲ್ಲುವ ಮೊದಲೇ ಸೂರ್ಯನು ಮೂಡಿದ್ದರಿಂದ ಹಗಲು ಇರುಳು ಎರಡೂ ಉಳಿದುವು. ಇಂತಹ ಕಥೆಗಳನ್ನು ಬೇಸಗೆಯಲ್ಲಿ ಹೇಳುವುದು ನಿಷಿದ್ಧ. ಇದನ್ನರಿಯದ ಯಾವನೋ ಪಟ್ಟಣದ ತಂತ್ರಜ್ಞನು ಜೇಡತಾಯಿಯನ್ನು ತೆರೆಯ ಮೇಲೆ ತಂದು ಜೂನ್ ತಿಂಗಳಲ್ಲಿ ಕುಣಿಸಿದರೆ ಉಪಕಾರಕ್ಕಿಂತ ಅಪಚಾರವೇ ಹೆಚ್ಚಾದೀತು. ನಾಲ್ಕು ದಿಕ್ಕು, ನಾಲ್ಕು ಪವಿತ್ರ ಪರ್ವತ, ನಾಲ್ಕು ಬಣ್ಣಗಳನ್ನೂ ಅಂಕ ಗಳಿಸುವ ಮೆಟ್ಟಿಲುಗಳನ್ನಾಗಿ ಮಾಡುವ ಮೊದಲು ಹಿರಿಯರನ್ನು ಕೇಳಬೇಕು. ನಮ್ಮ ಇಷ್ಟಲಿಂಗವನ್ನು ಯಾರಾದರೂ ಆಟದ ಕಾಯಿಯಾಗಿಸಿದರೆ ನಾವು ಸಹಿಸುವೆವೇ?

ಸರಿಯಾದ ದಾರಿಗೆ ಮೇಲ್ಪಂಕ್ತಿ ಇದೆ. ಅಲಾಸ್ಕಾದ ಮೂಲನಿವಾಸಿಗಳ ಮಂಡಳಿಯೊಂದು 2014ರಲ್ಲಿ ‘ನೆವರ್ ಅಲೋನ್’ ಎಂಬ ಆಟವನ್ನು ಹೊರತಂದಿತು. ಇನುಪಿಯಾಕ್ ಜನರ ಹಳೆಯ ಕಥೆಯೊಂದು ಅದರ ಮೂಲ. ಆ ಕಥೆಯನ್ನು ಹೇಳುತ್ತಿದ್ದ ಹಿರಿಯರ ಮಗಳ ಅನುಮತಿ ಪಡೆದು, ಹಿರಿಯರ ಜೊತೆ ಕುಳಿತು, ಅವರದೇ ಭಾಷೆಯ ನಿರೂಪಣೆಯಲ್ಲಿ ಅದನ್ನು ರಚಿಸಿದರು. ಅದು ರೋಗದ ಆಟವಲ್ಲ. ಆದರೂ ಮರ್ಯಾದೆಯ ಪಾಠ ಅದರಲ್ಲಿದೆ.

ನವಾಹೋ ನಾಡಿನಲ್ಲಿಯೇ ಇದಕ್ಕಿಂತ ಹಿಂದಿನ ನಿದರ್ಶನವಿದೆ. 1951ರಲ್ಲಿ ಅವರ ಮಂಡಳಿಗೆ ಆಯ್ಕೆಯಾದ ಆ್ಯನಿ ವಾನೆಕಾ ಎಂಬ ಮಹಿಳೆ ಕ್ಷಯರೋಗದ ವಿರುದ್ಧ ಹೋರಾಡಿದವರು. ಆಸ್ಪತ್ರೆಯಿಂದ ಓಡಿಬಂದ ರೋಗಿಗಳ ಮನೆಮನೆಗೂ ಹೋದರು, ಸಾಂಪ್ರದಾಯಿಕ ವೈದ್ಯರೊಡನೆ ಕುಳಿತು ಮಾತಾಡಿದರು, ವೈದ್ಯಶಾಸ್ತ್ರದ ಪದಗಳಿಗೆ ದಿನೆ ಭಾಷೆಯಲ್ಲಿ ಕೋಶವನ್ನು ಸಿದ್ಧಪಡಿಸಲು ನೆರವಾದರು, ಬಾನುಲಿಯಲ್ಲಿ ತಮ್ಮ ಭಾಷೆಯಲ್ಲಿಯೇ ಆರೋಗ್ಯದ ಮಾತಾಡಿದರು. 1963ರಲ್ಲಿ ಅಮೆರಿಕದ ರಾಷ್ಟ್ರಾಧ್ಯಕ್ಷರ ಸ್ವಾತಂತ್ರ್ಯ ಪದಕ ಅವರಿಗೆ ಸಂದಿತು. ಅಂದಿನ ಹೊಸ ಯಂತ್ರ ಬಾನುಲಿಯಾಗಿತ್ತು, ಇಂದಿನದು ಮೊಬೈಲು.

ಆಟವೇ ಔಷಧವೆಂದು ಯಾರೂ ತಿಳಿಯಬಾರದು. ಗಂಟೆಗಟ್ಟಲೆ ಕುಳಿತು ಆಡುವುದರಿಂದ ಒತ್ತಡ ಏರೀತೇ ಹೊರತು ಇಳಿಯದು. ಹಣ ಕಟ್ಟಿಸಿಕೊಳ್ಳುವ ಆಟಗಳಂತೂ ಮನೆಹಾಳು ಜೂಜು. ದಿನಕ್ಕೆ ಐದು ನಿಮಿಷದ ಆಟವು ಮೂರು ಕೆಲಸ ಮಾಡಿಸಿದರೆ ಸಾಕು: ಗುಳಿಗೆ ನುಂಗಿಸುವುದು, ನಡೆಸುವುದು, ಒತ್ತಡವನ್ನು ಸರಿಯಾಗಿ ಅಳೆಯಿಸುವುದು. ಅಳೆಯುವ ಕ್ರಮವು ನಮ್ಮ ಮನೆಗಳಿಗೂ ಬೇಕಾದುದೇ. ಅದಕ್ಕೆ ಅರ್ಧ ಗಂಟೆ ಮೊದಲು ಚಹಾ, ಕಾಫಿ ಕೂಡದು. ಬೆನ್ನಿಗೆ ಆನಿಕೆಯಿಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು. ಅಳೆಯುವಾಗ ಮಾತಾಡಬಾರದು. ಹೀಗೆ ಹಲವು ದಿನ ಅಳೆದಾಗಲೂ 140/90 ಅಥವಾ ಅದಕ್ಕೂ ಮೇಲಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಮಿನೊಳಗೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿದುದು. ದಾಸೋಹದ ಅಡುಗೆಮನೆಯ ಹೊಣೆ ಹೊತ್ತವರು ಇದನ್ನು ಗಮನಿಸಿದರೆ ಉಪಕಾರವಾದೀತು.

ದೂರದ ಮನೆಗಳಿಗೆ ಯಂತ್ರದ ನೆರವಿನಿಂದ ಆರೈಕೆ ತಲುಪಿಸುವುದು ಬರಿಯ ಕನಸಲ್ಲ. ಹೃದಯ ದೌರ್ಬಲ್ಯವಿದ್ದ 103 ನವಾಹೋ ರೋಗಿಗಳಿಗೆ ದೂರವಾಣಿಯ ಮೂಲಕವೇ ಔಷಧವನ್ನು ಹೊಂದಿಸಿದ ಪ್ರಯೋಗವೊಂದರ ಫಲವು 2024ರಲ್ಲಿ ಪ್ರಕಟವಾಯಿತು. ಎಂದಿನ ಕ್ರಮದ ಚಿಕಿತ್ಸೆಗಿಂತ ಬಹುಪಾಲು ಹೆಚ್ಚು ಜನರಿಗೆ ತಕ್ಕ ಔಷಧ ದೊರೆಯಿತು. ಆ ಪ್ರಯೋಗಕ್ಕೆ ಇಟ್ಟ ಹೆಸರು ಹೋಝೋ ಎಂದೇ.

ಇಂತಹ ಸಂಶೋಧನೆ ಯಾವುದೇ ಇರಲಿ, ಅಲ್ಲಿ ಹೊರಗಿನವರು ತಮಗೆ ತೋಚಿದಂತೆ ನಡೆಸುವಂತಿಲ್ಲ. 1996ರಿಂದ ನವಾಹೋ ನಾಡಿಗೆ ತನ್ನದೇ ಆದ ಸಂಶೋಧನಾ ಪರಿಶೀಲನಾ ಮಂಡಳಿಯಿದೆ. ರಕ್ತದೊತ್ತಡದ ಆಟವನ್ನು ರೋಗಿಗಳ ಮೇಲೆ ಪರೀಕ್ಷಿಸುವವರೂ ಮೊದಲು ಅದರ ಮುಂದೆ ಬಂದು ನಿಲ್ಲಬೇಕು. ಸಂಗ್ರಹಿಸಿದ ಅಂಕಿ ಅಂಶಗಳು ಆ ಜನರ ಸ್ವತ್ತು; ಲೇಖನವು ಹೊರಜಗತ್ತಿಗೆ ಹೋಗುವ ಮೊದಲು ಮಂಡಳಿಯ ಒಪ್ಪಿಗೆ ಪಡೆಯಬೇಕು, ಕಂಡುಕೊಂಡ ಫಲವನ್ನು ಮರಳಿ ಆ ಜನರಿಗೆ ತಿಳಿಸಬೇಕು.